ಗಫಾರ್ ಸಾಬರ ಮೀಟರು
ಮಾಗಡಿಯ ಗಫಾರ್ ಸಾಬರು ಡೀಸೆಲ್ ಪಿಕಪ್ಪಿನ ಹಿಂದೆ ಟ್ರೈಲರ್ ಕಟ್ಟಿಕೊಂಡು ಹೊರಟರೆ, ರಸ್ತೆಗಿಂತ ಹೆಚ್ಚಾಗಿ ಇಂಜಿನ್ ಉಗುಳುವ ಹೊಗೆಯ ಬಿಸಿ ತೋರಿಸುವ ಮೀಟರನ್ನೇ ನೋಡುತ್ತಾರೆ. ಏರಿನಲ್ಲಿ ಮುಳ್ಳು ಆರುನೂರೈವತ್ತು ಡಿಗ್ರಿ ಮುಟ್ಟಿತೆಂದರೆ ಗೇರು ಇಳಿಸಿ, ಆಕ್ಸಿಲರೇಟರ್ ಸಡಿಲಿಸಿ, "ಒಸಿ ತಣ್ಣಗಾಗವ್ವ" ಎನ್ನುತ್ತಾ ಕನಸಿನಲ್ಲಿ ನಡೆಯುವವರಂತೆ ಮೆಲ್ಲಗೆ ಹತ್ತುತ್ತಾರೆ. ಹಿಂದಿನ ಬಸ್ಸಿನವನು, "ನಡ್ಕೊಂಡೇ ಹೋಗ್ಬೌದಲ್ಲ ಸಾಬ್ರೇ!" ಎಂದು ಕೂಗಿದರೆ ನಕ್ಕು ದಾರಿ ಬಿಡುತ್ತಾರೆ. ಮನೆ ಮುಂದೆ ನಿಂತ ಮೇಲೂ ಮುಳ್ಳು ಇನ್ನೂರಕ್ಕೆ ಇಳಿಯುವ ತನಕ ಇಂಜಿನ್ ಆರಿಸುವುದಿಲ್ಲ. ಅಷ್ಟರಲ್ಲಿ ಹೆಂಡತಿ ಮಜೀದಾ ಚಹಾ ಕುದಿಸಿರುತ್ತಾಳೆ. ಬೀದಿಯವರು ಆಡಿಕೊಂಡು ನಗುತ್ತಾರೆ, ಅವಳು ನಗುವುದಿಲ್ಲ. ಹಿಂದೊಮ್ಮೆ ಏರಿನಲ್ಲಿ ಹಳೇ ಗಾಡಿಯ ಇಂಜಿನ್ ಬಿಸಿಗೆ ಸುಟ್ಟುಹೋಗಿ, ಟ್ರೈಲರಿನ ಭಾರಕ್ಕೆ ಗಂಡ ಹೆಂಡತಿ ಇಬ್ಬರೂ ಗಾಡಿ ಸಮೇತ ಹಳ್ಳದಂಚಿನವರೆಗೆ ಹಿಂದಕ್ಕೆ ಜಾರಿದ್ದರು. "ಜೋರಾಗಿ ಓಡ್ಸಿ, ಮಳೆ ಬತ್ತೈತೆ" ಎಂದು ಅವತ್ತು ಅವಸರಪಡಿಸಿದವಳು ಅವಳು. ಗಫಾರ್ ಅದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.