ನಳ ಬಾರದ ದಿನ

ಧಾರವಾಡದ ಮಾಳಮಡ್ಡಿಗೆ ಬಂದ ಮೊದಲ ವಾರ, ಬೆಳಕು ಹರಿಯುವ ಮುಂಚೆ ಓಣಿಯಲ್ಲಿ ಯಾರೋ ಕೂಗಿದರು: “ನಳ ಬಂದಾವ್ರೀ.” ಬಾಗಿಲುಗಳು ದಡಬಡ ತೆರೆದವು, ಕೊಡಗಳು ಒಂದಕ್ಕೊಂದು ಬಡಿದವು. ಎಲ್ಲೋ ಬೆಂಕಿ ಬಿದ್ದಿದೆಯೆಂದು ನಾನು ಎರಡು ವರ್ಷದ ಮಗಳನ್ನು ಎತ್ತಿಕೊಂಡು ಹೊರಗೆ ಓಡಿದ್ದೆ.

ನಳ ಎಂದರೆ ನಲ್ಲಿ. ನಳ ಬರುವುದೆಂದರೆ ವಾರಕ್ಕೊಮ್ಮೆ ನೀರು ಬಿಡುವುದು. ನಾನು ಉಡುಪಿಯ ಕಡೆಯವಳು. ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳಲು ಬಂದವಳು. ಊರಲ್ಲಿ ಎಷ್ಟು ನೀರು ಬಳಸುತ್ತಿದ್ದೆವೆಂದು ಯೋಚಿಸಿದರೆ ಏನೂ ನೆನಪಾಗುವುದಿಲ್ಲ. ಕೊರತೆ ಇರಲಿಲ್ಲವೋ, ಬೇಸಿಗೆಯ ಕೊರತೆಯನ್ನು ನಾನೇ ಅನುಕೂಲಕ್ಕೆ ಮರೆತಿರುವೆನೋ, ಹೇಳಲಾರೆ.

ಇಲ್ಲಿಯವರು ನಳ ಬಂದ ದಿನ ಹಳೆಯ ನೀರು ಚೆಲ್ಲಿ, ಕೊಡ ತಿಕ್ಕಿ, ತಾಜಾ ನೀರು ತುಂಬುತ್ತಾರೆ. ನಾನೂ ಕಲಿತೆ. ಕಲಿತ ಹುಮ್ಮಸ್ಸಿನಲ್ಲಿ ಒಂದು ದಿನ ನಸುಕಿಗೇ ಎಲ್ಲವನ್ನೂ ಬಚ್ಚಲಿಗೆ ಸುರಿದು, ಕೊಡಗಳನ್ನು ಬೋರಲು ಹಾಕಿ ಕುಳಿತೆ. ನಳ ಬರಲಿಲ್ಲ. ಎಲ್ಲೋ ದೊಡ್ಡ ಪೈಪು ಒಡೆದಿತ್ತು. ಅದೇ ಬೆಳಿಗ್ಗೆ ಮಗಳಿಗೆ ವಾಂತಿಭೇದಿ ಶುರುವಾಯಿತು.

ಉಪ್ಪು ಸಕ್ಕರೆಯ ನೀರು ಕುಡಿಸುತ್ತಿರಿ, ಶುಚಿಯಾಗಿಡಿ ಎಂದರು ಡಾಕ್ಟರು. ಅಂಗಡಿಯ ನೀರಿನ ಕ್ಯಾನುಗಳು ಆಗಲೇ ಖಾಲಿಯಾಗಿದ್ದವು. ಟ್ಯಾಂಕರಿನವನು ನಾಳೆ ಎಂದ. ಮಗಳ ತುಟಿ ಒಣಗುತ್ತಿತ್ತು.

ಪಕ್ಕದಲ್ಲೇ ಇರುವ ಮನೆಯ ಒಡತಿ, ಓಣಿಗೆಲ್ಲ ಚಿಕ್ಕಮ್ಮನಂತಿರುವ ಸರೋಜಾ ಕಾಕು, ನಮ್ಮ ಬಾಗಿಲಲ್ಲಿ ನಿಂತು ನೋಡಿದರು.

“ನಳದ ಸಪ್ಪಳ ಕೇಳೂಕಿಂತ ಮೊದ್ಲ ಚೆಲ್ಲಿದ್ರೇನ್ರೀ?”

“ಇವತ್ತು ಬರುವ ದಿನ ಅಲ್ವಾ, ಕಾಕು?”

“ನಳಕ್ಕ ನಿಮ್ಮ ಕಾಲೇಜಿನ ಟೈಮ್‌ಟೇಬಲ್ ಗೊತ್ತದೇನು?” ಎಂದವರು ತಮ್ಮ ಮನೆಗೆ ಹೋಗಿ ಎರಡು ಕೊಡ ನೀರು ತಂದಿಟ್ಟರು. “ಕೂಸಿಗೆ ಬಳಸ್ರಿ. ನನಗ ಒಂದು ಕೊಡ ಅದ, ಸಾಕು. ಒಬ್ಬಾಕಿಗೆ ಎಷ್ಟರ ಬೇಕು?”

ಸಂಜೆಯ ಹೊತ್ತಿಗೆ ಮೊದಲ ಕೊಡ ಮುಗಿದಿತ್ತು. ಆಗ ನನಗೆ ಹುಟ್ಟಿದ ಯೋಚನೆಯನ್ನು ಮೆದು ಮಾಡದೆ ಬರೆಯುತ್ತೇನೆ. ಕಾಕುವಿನ ಅಡುಗೆಮನೆಯಲ್ಲಿದ್ದ ಆ ಒಂದು ಕೊಡವೂ ನನಗೆ ಬೇಕಿತ್ತು. ಎರಡನೆಯದು ತುಂಬಿ ನಿಂತಿದ್ದರೂ ಬೇಕಿತ್ತು. ಕೇಳಲಿಲ್ಲ. ಇನ್ನೊಂದು ಗಂಟೆ ಕಳೆದಿದ್ದರೆ ಕೇಳುತ್ತಿದ್ದೆನೋ ಏನೋ. ಅಷ್ಟರಲ್ಲಿ ಮಗಳು ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು, ಅವಳು ನಿದ್ದೆ ಹೋದಳು.

ಮರುದಿನ ನೀರು ಬಂತು. ಮಗಳು ಚೇತರಿಸಿಕೊಂಡಳು, ನಾನಲ್ಲ. ಬ್ಯಾರಲ್ಲಿನ ಮೇಲೆ ಬ್ಯಾರಲ್ಲು ತಂದೆ. “ಮನ್ಯಾಗ ನೀವು ಇರ್ತೀರೋ, ಬ್ಯಾರಲ್ ಇರ್ತಾವೋ?” ಎಂದು ಕಾಕು ನಕ್ಕರು. ಎಲ್ಲವೂ ತುಂಬಿದ ದಿನವೂ ಮುಚ್ಚಳ ತೆಗೆದು ನೋಡುತ್ತೇನೆ. ಅವರಿಗೆ ಒಂದು ಕೊಡದಲ್ಲಿ ಬರುವ ಧೈರ್ಯ ನನಗೆ ಇಷ್ಟರಲ್ಲೂ ಬರುವುದಿಲ್ಲ.

ಮುಂದಿನ ವಾರ ಸುದ್ದಿ ಕೇಳಿ ಅಮ್ಮ ಫೋನಿನಲ್ಲಿ ಅತ್ತಳು. “ಸಾಕು ಮಾರಾಯ್ತಿ ಆ ಊರು. ರಜೆ ಹಾಕಿ ಮಗುನ ಕರ್ಕೊಂಡು ನಾಳೆಯೇ ಬಾ.”

ಹೋಗಬೇಕೆಂದು ಜೀವ ಹಾತೊರೆಯಿತು. ಆದರೆ ಬಾಯಿಂದ ಬಂದ ಮಾತು ಬೇರೆ: “ನಾಳೆ ಬೇಡಮ್ಮ, ನಳ ಬರ್ತದೆ. ಕಾಕು ಒಬ್ಬರೇ ಕೊಡ ಎತ್ತಬೇಕು.”