ಬೆನ್ನಿಗೆ ಹತ್ತಿದ ಮಸ್ಕಿಯ ಮಣ್ಣು

ನಮ್ಮ ಗೊರೇಬಾಳದಲ್ಲಿ ಈಗಲೂ ಯಾರಾದರೂ ಬೈಕಿನಿಂದ ಬಿದ್ದರೆ, ಗದ್ದೆಯ ಬದುವಿನಲ್ಲಿ ಜಾರಿದರೆ, ನೋಡಿದವರು ‘ಮಸ್ಕಿ ಆತು’ ಅನ್ನುತ್ತಾರೆ. ಆ ಮಾತು ಎಲ್ಲಿಂದ ಬಂತೆಂದು ಅನ್ನುವವರಿಗೇ ಗೊತ್ತಿಲ್ಲ. ನನಗೆ ಗೊತ್ತು. ಮಸ್ಕಿಯಲ್ಲಿ ಬಿದ್ದವನು ನಾನು.

ಟಿಕೆಟ್ ಹಚ್ಚಿ ಕುಸ್ತಿ ಆಡಿಸುತ್ತಿದ್ದ ಕಾಲ ಅದು. ಈ ಭಾಗದಲ್ಲಿ ನೂರು ಕಿಲೋ ಮೀರಿದ ಪೈಲ್ವಾನರೆಂದರೆ ಇಬ್ಬರೇ, ನಾನು ಮತ್ತು ಲಿಂಗಸುಗೂರಿನವನು. ನಮ್ಮಿಬ್ಬರಿಗೆ ಜೋಡಿ ಕಟ್ಟಿದ್ದರು. ಸಿಂಧನೂರಿನಲ್ಲಿ ಆಡಿದರೆ ನಾನು ಗೆಲ್ಲಬೇಕು, ಲಿಂಗಸುಗೂರಿನಲ್ಲಿ ಅವನು, ನಡುವಿನ ಮಸ್ಕಿಯಲ್ಲಿ ಬರೋಬರಿ, ಅಂದರೆ ಇಬ್ಬರ ಕೈಯೂ ಮೇಲೆ. ಜನ ಇದನ್ನೆಲ್ಲ ನಿಜದ ಹಗೆ ಅಂದುಕೊಂಡು ಗಂಟಲು ಹರಿಯುವಂತೆ ಕೂಗುತ್ತಿದ್ದರು. ನನಗೆ ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಒಪ್ಪಂದ ಆಯಿತೆಂದು ನೂರು ಕಿಲೋ ಆಳು ಎತ್ತುವಾಗ ಹಗುರಾಗುವುದಿಲ್ಲ.

ಆದರೆ ಒಂದು ಕಟ್ಟಳೆ ಇತ್ತು. ಜೋಡಿ ಕಟ್ಟಿದವರು ಒಬ್ಬರಿಗೊಬ್ಬರು ಮಾತಾಡಬಾರದು. ಮಾತಾಡಿದರೆ ತೋಳಿನ ಬಿಗಿ ಹೋಗುತ್ತದಂತೆ. ಯಾರು ಬೀಳಬೇಕು, ಎಷ್ಟು ಹೊತ್ತಿಗೆ ಬೀಳಬೇಕು ಎಂಬುದನ್ನೆಲ್ಲ ವಸ್ತಾದರು, ಅಂದರೆ ನನಗೂ ಅವನಿಗೂ ಬೇರೆ ಬೇರೆ ಇದ್ದ ಕುಸ್ತಿ ಗುರುಗಳು, ತಾವು ತಾವೇ ಮಾತಾಡಿಕೊಂಡು ಬಂದು ನಮಗೆ ಹೇಳುತ್ತಿದ್ದರು. ಆರು ವರ್ಷ ಅವನ ಬೆವರು ನನ್ನ ಬಾಯಿಗೆ ಬಿದ್ದಿದೆ, ಅವನ ಎರಡು ಮಾತು ಮಾತ್ರ ಕಿವಿಗೆ ಬಿದ್ದಿರಲಿಲ್ಲ.

ಆ ಸಲ ಮಸ್ಕಿಗೆ ಹೊರಡುವಾಗ ನನ್ನ ವಸ್ತಾದರು ಯಾವಾಗಿನಂತೆ ಬರೋಬರಿ ಅಂದರು. ನಾನು ನಿಶ್ಚಿಂತೆಯಿಂದ ಕಣಕ್ಕಿಳಿದೆ. ಕೈ ಕೂಡಿಸಿದಾಗಲೇ ಅವನ ಹಿಡಿತ ಬೇರೆ ಇತ್ತು. ನನಗೆ ತಿಳಿಯಬೇಕಿತ್ತು, ತಿಳಿಯಲಿಲ್ಲ. ಮೂರನೆಯ ನಿಮಿಷಕ್ಕೆ ತೋಳು ಹಿಡಿದು ಹೆಗಲ ಮೇಲಿಂದ ಒಗೆದ. ಎರಡೂ ಭುಜ ನೆಲಕ್ಕೆ ಹತ್ತಿದವು.

ಗೆದ್ದವನು ಬಿದ್ದವನ ಬೆನ್ನಿನ ಮಣ್ಣು ಒರೆಸುವುದು ಪದ್ಧತಿ. ಅವನೂ ಕೈ ಚಾಚಿಕೊಂಡು ಬಂದ. ನಾನು ಆ ಕೈ ಜಾಡಿಸಿದೆ. ವಸ್ತಾದರು ಓಡಿಬಂದು ತಮ್ಮ ಹೆಗಲ ಮೇಲಿನ ಟವೆಲಿನಿಂದ ಬೆನ್ನು ಒರೆಸಿದರು. ಅವರ ಕಣ್ಣಲ್ಲಿ ನೀರಿತ್ತು.

“ಮೋಸ ಮಾಡ್ಯಾನ ಲೇ ಅವ,” ಅಂದರು. “ಸಾಯೂ ತನಕ ಅವನ ಕೂಡ ಮಾತಾಡಬ್ಯಾಡ.”

ಮಾತಾಡಲಿಲ್ಲ. ಬರೋಬರಿಯ ಊರಿನಲ್ಲಿ ಮೂರೇ ನಿಮಿಷಕ್ಕೆ ಬಿದ್ದ ಪೈಲ್ವಾನನನ್ನು ನೋಡಲು ಯಾರು ಟಿಕೆಟ್ ತೆಗೆಸುತ್ತಾರೆ? ನನ್ನ ಕುಸ್ತಿ ಅಲ್ಲಿಗೇ ಮುಗಿಯಿತು. ಸಿಂಧನೂರಿನ ಒಂದು ರೈಸ್ ಮಿಲ್ಲಿನ ಗೇಟಿನಲ್ಲಿ ಕೂತೆ, ಈಗಲೂ ಅಲ್ಲೇ ಇದ್ದೇನೆ. ವಸ್ತಾದರು ತೀರಿಕೊಂಡ ಮೇಲೆ ಅವರ ಫೋಟೊಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ದಿನಾ ಬೆಳಿಗ್ಗೆ ಅದಕ್ಕೆ ಊದಿನಕಡ್ಡಿ ಬೆಳಗುತ್ತಿದ್ದೆ, ಲಿಂಗಸುಗೂರಿನವನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ತಾನು ಒಪ್ಪಂದ ಮುರಿದೆ ಎಂದು ಅವನು ಒಮ್ಮೆ ಬಾಯಿ ಬಿಟ್ಟು ಹೇಳಬೇಕು.

ಹೋದ ತಿಂಗಳು ಸಿಂಧನೂರಿನಲ್ಲಿ ಯಾರೋ ಹೊಸ ಜಿಮ್ ತೆರೆದರು. ಹಳೆಯ ಪೈಲ್ವಾನರಿಗೆ ಶಾಲು ಹೊದಿಸುತ್ತೇವೆಂದು ನಮ್ಮಿಬ್ಬರನ್ನೂ ಕರೆಸಿ ಒಂದೇ ಸೋಫಾದ ಮೇಲೆ ಕೂರಿಸಿದರು. ಅವನ ಮೊಣಕಾಲು ಹೋಗಿದೆ, ಕೋಲು ಹಿಡಿದು ಬಂದಿದ್ದ. ನಿರೂಪಕ ಮೈಕಿನಲ್ಲಿ ಅವನನ್ನು ಹೊಗಳುತ್ತ, ಮಸ್ಕಿಯಲ್ಲಿ ನಮ್ಮ ಗೊರೇಬಾಳದ ಪೈಲ್ವಾನರನ್ನೇ ಚಿತ್ ಮಾಡಿದವರು ಅಂದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕೂತಲ್ಲಿ ಬೇರೇನು ಮಾಡುವುದು? ಅವನ ಕಡೆ ತಿರುಗಿ, ಬರೋಬರಿ ಅಂತ ಮಾತಾಗಿದ್ದರೂ ಯಾಕೆ ಒಗೆದೆ ಎಂದು ಕೇಳಿಯೇಬಿಟ್ಟೆ.

ಅವನು ಕೋಲನ್ನು ಸೋಫಾಕ್ಕೆ ಒರಗಿಸಿ ನನ್ನ ಕಿವಿಯ ಹತ್ತಿರ ಬಾಗಿದ.

“ನಿನಗ ಹೇಳಿದ್ದಿಲ್ಲೇನು? ನಿಮ್ಮ ವಸ್ತಾದರ ಬಂದು ಹೇಳಿದ್ರು, ಈ ಸಲ ಒಪ್ಪಂದ ಇಲ್ಲ, ನಮ್ಮಾವ ಖರೇನ ಹಿಡಿತಾನ, ನೀನೂ ಬಿಡಬ್ಯಾಡ ಅಂತ. ನೀ ಯಾಕ ಅಷ್ಟು ಸಡ್ಲ ಇದ್ದಿ ಅಂತ ನಾ ಇವತ್ತಿಗೂ ವಿಚಾರ ಮಾಡತೀನಿ.”

ಮೊದಲು ಸುಳ್ಳು ಅನ್ನಿಸಿತು. ಆಮೇಲೆ ಮರುವರ್ಷದ ಕುಸ್ತಿ ನೆನಪಾಯಿತು. ಲಿಂಗಸುಗೂರಿನವನಿಗೆ ನನ್ನ ಜಾಗದಲ್ಲಿ ಜೋಡಿಯಾದವನು ಯಾರು? ಆ ವರ್ಷ ತಾನೇ ನೂರು ಕಿಲೋ ಮುಟ್ಟಿದ್ದ ವಸ್ತಾದರ ಮಗ. ಅವನಿಗೆ ಎಣ್ಣೆ ತಿಕ್ಕಿ, ಮೈ ನಾದಿ, ಕಣದ ತನಕ ಕರೆದುಕೊಂಡು ಹೋದವನು ಇದೇ ನಾನು. ಇಷ್ಟು ವರ್ಷ ಕಣ್ಣ ಮುಂದೆಯೇ ಇದ್ದದ್ದು ನನಗೆ ಕಾಣಲಿಲ್ಲ. ನನ್ನಂಥ ಕತ್ತೆ ಇನ್ನೊಬ್ಬನಿಲ್ಲ.

ಹೊರಡುವಾಗ ಲಿಂಗಸುಗೂರಿನವನು ಬಸ್ ಹತ್ತಲಾರದೆ ನಿಂತಿದ್ದ. ತೋಳು ಹಿಡಿದು ಹತ್ತಿಸಿದೆ. ಒಳಗೆ ಹೋಗಿ ಕೂತವನು ಕಿಟಕಿಯಿಂದ ಕೈ ಎತ್ತಿದ, ನಾನೂ ಎತ್ತಿದೆ.

ಮರುದಿನ ಬೆಳಿಗ್ಗೆ ಊದಿನಕಡ್ಡಿ ಹಚ್ಚಲು ಕೈ ಬರಲಿಲ್ಲ. ಸತ್ತವನ ಕುತ್ತಿಗೆ ಹಿಡಿದು ಕೇಳಲು ಬರುವುದಿಲ್ಲವಲ್ಲ. ಫೋಟೊ ಇಳಿಸಿ, ಮುಖ ಗೋಡೆಗೆ ಮಾಡಿ ನೆಲಕ್ಕಿಟ್ಟೆ. ಅದರ ಬೆನ್ನಿನ ತುಂಬ ಮಣ್ಣುಧೂಳು ಹತ್ತಿತ್ತು. ನಾನು ಒರೆಸಲಿಲ್ಲ.