ಉಪಗ್ರಹಕ್ಕೆ ಅಡ್ಡ ಬಂದ ನೂಲು

ಕೊಯಮತ್ತೂರಿನಲ್ಲಿ ನಾನು ಉಪಗ್ರಹ ರೇಡಿಯೋ ಕಂಪನಿಯೊಂದರಲ್ಲಿದ್ದೆ. ರೇಡಿಯೋ ಮಾರಲು ಟೈ ಕಟ್ಟಿದವರು ಹೋಗುತ್ತಿದ್ದರು, ದೂರು ಬಂದರೆ ಬೈಸಿಕೊಳ್ಳಲು ನನ್ನನ್ನು ಕಳಿಸುತ್ತಿದ್ದರು. ಅನ್ನೂರಿನ ನೇಕಾರರ ಮನೆಯೊಂದರಲ್ಲಿ ಅಜ್ಜಿ ನನ್ನನ್ನು ಬಾಗಿಲಲ್ಲೇ ಹಿಡಿದರು. ಅವರ ಮನೆಮಾತು ಕನ್ನಡ.

“ಕಾಸು ಕಟ್ಟಿದೀವಲ್ಲ ತಂಬಿ, ಬೆಳಿಗ್ಗೆ ಹೊತ್ತು ಹಾಡು ಯಾಕೆ ನಿಲ್ಲಿಸ್ತೀರ?”

“ನಾವು ನಿಲ್ಲಿಸಲ್ಲಮ್ಮ. ಹಾಡು ಆಕಾಶದಿಂದ ಎಲ್ಲರ ಮನೆ ಮೇಲೂ ಬೀಳುತ್ತೆ. ಚಂದಾ ಕಟ್ಟಿದವರ ಪೆಟ್ಟಿಗೆಗೆ ಮಾತ್ರ ಬೀಗ ತೆಗೀತೀವಿ. ನಿಮ್ಮದು ತೆಗೆದೇ ಇದೆ.”

“ಹಂಗಾದ್ರೆ ಮೇಲೇನೋ ಕೆಟ್ಟಿದೆ, ನೋಡು,” ಎಂದು ನನ್ನನ್ನು ತಾರಸಿಗೆ ಹತ್ತಿಸಿ, ತಾವೂ ಹಿಂದೆಯೇ ಬಂದರು.

ಏನೂ ಕೆಟ್ಟಿರಲಿಲ್ಲ. ಪೂರ್ವಕ್ಕೆ ಮುಖಮಾಡಿದ್ದ ಆಂಟೆನಾದ ಮುಂದೆಯೇ ಅಜ್ಜಿಯ ಸೊಸೆ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಗಳಕ್ಕೆ ಒತ್ತೊತ್ತಾಗಿ ನೇತುಹಾಕಿದ್ದರು. ನೀರು ಕುಡಿದ ನೂಲು ಉಪಗ್ರಹಕ್ಕೇ ಅಡ್ಡ ನಿಂತಿತ್ತು. ಮಧ್ಯಾಹ್ನ ನೂಲು ಒಣಗಿದರೆ ಹಾಡು ತಾನಾಗಿ ಬರುತ್ತಿತ್ತು.

ಅಜ್ಜಿ ಬಿದ್ದು ಬಿದ್ದು ನಕ್ಕರು. ಇಬ್ಬರೂ ಸೇರಿ ಗಳವನ್ನು ಆಚೆಗೆ ಸರಿಸಿದ ಕೂಡಲೇ ಕೆಳಗಿನಿಂದ ರೇಡಿಯೋದ ಕನ್ನಡ ಕೇಳಿಸಿತು.

“ತಮಿಳು ಚಾನೆಲ್ಲೂ ಇದೆಯಮ್ಮ, ಹಾಕಿಕೊಡಲಾ?”

“ತಮಿಳು ಬೀದೀಲಿ ಸುಮ್ನೆ ಸಿಗುತ್ತೆ. ಕನ್ನಡ ನಮಗೆ ಓದೋಕೆ ಬರಲ್ಲ, ಕಿವೀಲಾದ್ರೂ ಇರ್ಲಿ.”

ನಮ್ಮ ಆಫೀಸಿಗೆ ಚಂದಾ ಸಾಕೆನ್ನುವವರ ಫೋನುಗಳೇ ಹೆಚ್ಚು. ಆದರೆ ಅಜ್ಜಿ ಚಂದಾದ ಗಡುವಿಗೆ ಮೊದಲೇ ನನಗೆ ಫೋನ್ ಮಾಡಿ, ಇನ್ನೊಂದು ವರ್ಷಕ್ಕೆ ಮುಂದುವರಿಸಿ ಎಂದರು. ಅದಕ್ಕೂ ಮುಂಚೆ, ಥೇಟ್ ರೇಡಿಯೋದವಳ ಗತ್ತಿನಲ್ಲಿ, “ಪ್ರಿಯ ಕೇಳುಗರೇ, ನಮಸ್ಕಾರ!” ಎಂದಿದ್ದರು.

ಇಡೀ ಆಫೀಸಿನಲ್ಲಿ ಕನ್ನಡದ ಕೇಳುಗ ಅಂತ ಇದ್ದವನು ನಾನೊಬ್ಬನೇ.